ಹಳೆಪೇಟೆಯ ಚೌಕದಲ್ಲಿ ಯಾನ್ ಹುಸ್

ಚೆಕ್ ಗಣರಾಜ್ಯದ ರಾಜಧಾನಿಯಾದ ಪ್ರಾಗ್ ನಗರದ ಹಳೆಪೇಟೆಯ ಚೌಕದಲ್ಲಿರುವ ಯಾನ್ ಹುಸ್ ಸ್ಮಾರಕವು 1415ರಲ್ಲಿ ಜೀವಂತ ದಹನಕ್ಕೆ ಗುರಿಯಾದ ಪಾದ್ರಿಯೊಬ್ಬನ ನೆನಪಿಗೆಂದು ನಿಂತದ್ದು. ಆದರೂ ಅದರ ಕಂಚಿನಲ್ಲಿ ಮೂಡಿರುವುದು ಆ ಪಾದ್ರಿಯ ಕಾಲಕ್ಕಿಂತ ಹೆಚ್ಚಾಗಿ, ಆಸ್ಟ್ರಿಯದ ಚಕ್ರಾಧಿಪತ್ಯದ ಅಧೀನದಲ್ಲಿದ್ದುಕೊಂಡು ತಮ್ಮ ಇತಿಹಾಸದಲ್ಲಿ ಒಬ್ಬ ನಾಯಕನನ್ನು ಹುಡುಕುತ್ತಿದ್ದ ಚೆಕ್ ಜನರ ಹಂಬಲ.

ಸುಮಾರು 1370ರಲ್ಲಿ ದಕ್ಷಿಣ ಬೊಹೀಮಿಯದ ಹುಸಿನೆಟ್ಸ್ ಎಂಬ ಊರಿನಲ್ಲಿ ಹುಟ್ಟಿದ ಹುಸ್, ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಕಲಿತು ಅಲ್ಲಿಯೇ ಅಧ್ಯಾಪಕನಾದನು. 1402ರಿಂದ ಆತ ಧರ್ಮೋಪದೇಶ ಮಾಡುತ್ತಿದ್ದ ಬೆತ್ಲೆಹೆಮ್ ಪ್ರಾರ್ಥನಾಮಂದಿರವನ್ನು, ಲ್ಯಾಟಿನ್ ಅರಿಯದ ಸಾಮಾನ್ಯರು ತಮ್ಮ ಚೆಕ್ ನುಡಿಯಲ್ಲೇ ಉಪದೇಶ ಕೇಳಲೆಂದು 1391ರಲ್ಲಿ ಸ್ಥಾಪಿಸಲಾಗಿತ್ತು. ಇಂಗ್ಲೆಂಡಿನ ಚಿಂತಕ ಜಾನ್ ವಿಕ್ಲಿಫ್‌ನ ಬರಹಗಳಿಂದ ಪ್ರಭಾವಿತನಾಗಿದ್ದ ಹುಸ್, ಪಾದ್ರಿಗಳ ಧನದಾಹವನ್ನೂ ಧಾರ್ಮಿಕ ಪದವಿಗಳ ಮಾರಾಟವನ್ನೂ ಅದೇ ವೇದಿಕೆಯಿಂದ ಖಂಡಿಸಿದನು. ಆಗ ಮೂವರು ಪೋಪರು ಏಕಕಾಲಕ್ಕೆ ಪೀಠದ ಹಕ್ಕು ಸಾಧಿಸುತ್ತಿದ್ದರು. ಅವರಲ್ಲೊಬ್ಬನು ತನ್ನ ಯುದ್ಧದ ಖರ್ಚಿಗಾಗಿ 1412ರಲ್ಲಿ ಪ್ರಾಗ್‌ನಲ್ಲಿ ಪಾಪದ ದಂಡನೆಗೆ ರಿಯಾಯಿತಿ ನೀಡುವ ಕ್ಷಮಾಪತ್ರಗಳನ್ನು ಮಾರಿಸಿದಾಗ ಹುಸ್ ಬಹಿರಂಗವಾಗಿ ವಿರೋಧಿಸಿದನು. ಆತ ನಗರದಲ್ಲಿರುವವರೆಗೆ ಅಲ್ಲಿ ಪೂಜೆ, ಸಂಸ್ಕಾರಗಳು ನಡೆಯಕೂಡದೆಂಬ ನಿರ್ಬಂಧ ಬಂದುದರಿಂದ ಪ್ರಾಗ್ ಬಿಟ್ಟು ಹಳ್ಳಿಗಾಡಿಗೆ ತೆರಳಿದನು. ಧರ್ಮಸಭೆಯ ನಿಜವಾದ ಶಿರಸ್ಸು ಕ್ರಿಸ್ತನೇ ಎಂದು ವಾದಿಸುವ ಲ್ಯಾಟಿನ್ ಗ್ರಂಥವನ್ನು ಆತ ಬರೆದದ್ದು ಈ ಅವಧಿಯಲ್ಲಿಯೇ.

ಪೋಪರ ಒಡಕನ್ನು ಸರಿಪಡಿಸಲು 1414ರಲ್ಲಿ ಕಾನ್ಸ್ಟನ್ಸ್ ನಗರದಲ್ಲಿ ಸೇರಿದ ಧರ್ಮಮಹಾಸಭೆಗೆ, ರಾಜ ಸಿಗಿಸ್ಮಂಡನ ಅಭಯಪತ್ರವನ್ನು ನಂಬಿ ಹುಸ್ ಹೋದನು. ಹೋದ ಕೆಲವೇ ವಾರಗಳಲ್ಲಿ ಬಂಧನಕ್ಕೊಳಗಾದನು. ತನ್ನ ಮಾತುಗಳನ್ನು ಹಿಂತೆಗೆದುಕೊಳ್ಳಲು ಒಪ್ಪದ ಆತನನ್ನು ಪಾಷಂಡಿಯೆಂದು, ಅಂದರೆ ಧರ್ಮಸಭೆ ಅಂಗೀಕರಿಸಿದ ನಂಬಿಕೆಗೆ ಎದುರಾದವನೆಂದು, ತೀರ್ಮಾನಿಸಿ 1415ರ ಜುಲೈ 6ರಂದು ಸುಟ್ಟು, ಬೂದಿಯನ್ನು ರೈನ್ ನದಿಗೆ ಎಸೆಯಲಾಯಿತು. ಅನುಯಾಯಿಗಳ ಕೈಗೆ ಒಂದು ಮೂಳೆಯೂ ಸಿಗಬಾರದೆಂಬ ಈ ಎಚ್ಚರಿಕೆಯಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಪರಮಪ್ರಸಾದದಲ್ಲಿ ರೊಟ್ಟಿಯೊಡನೆ, ಅಲ್ಲಿಯವರೆಗೆ ಪಾದ್ರಿಗಳಿಗಷ್ಟೇ ಮೀಸಲಾಗಿದ್ದ ದ್ರಾಕ್ಷಾರಸವೂ ಭಕ್ತರೆಲ್ಲರಿಗೆ ಸಲ್ಲಬೇಕೆಂದು ಹೋರಾಡಿದ ಹುಸೈಟರು ಪಾನಪಾತ್ರೆಯನ್ನೇ ತಮ್ಮ ಲಾಂಛನ ಮಾಡಿಕೊಂಡು, 1419ರಿಂದ 1434ರವರೆಗೆ ನಡೆದ ಯುದ್ಧಗಳಲ್ಲಿ ತಮ್ಮ ಮೇಲೆ ಬಂದ ಸೇನೆಗಳನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದರು.

ಈ ಪರಂಪರೆಗೆ ದೊಡ್ಡ ಪೆಟ್ಟು ಬಿದ್ದದ್ದು 1620ರ ನವೆಂಬರ್ 8ರಂದು, ಪ್ರಾಗ್ ಹೊರವಲಯದ ಬಿಳಿಗುಡ್ಡದ ಕದನದಲ್ಲಿ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೇನೆ ಆತನ ವಿರುದ್ಧ ಬಂಡೆದ್ದ ಬೊಹೀಮಿಯದವರನ್ನು ಸೋಲಿಸಿದಾಗ. ಮರುವರ್ಷ ಬಂಡಾಯದ 27 ಮುಖಂಡರನ್ನು ಇದೇ ಹಳೆಪೇಟೆಯ ಚೌಕದಲ್ಲಿ ಕೊಲ್ಲಲಾಯಿತು. ದೇಶವು ಬಲವಂತವಾಗಿ ಮತ್ತೆ ಕ್ಯಾಥೊಲಿಕ್ ಆಯಿತು, ಒಪ್ಪದವರು ದೇಶಾಂತರ ಹೋದರು. 1648ರಲ್ಲಿ ಸ್ವೀಡನ್ನಿನ ಸೇನೆಯಿಂದ ನಗರ ಉಳಿದುದಕ್ಕೆ ಕೃತಜ್ಞತೆಯಾಗಿ 1650ರಲ್ಲಿ ಚೌಕದಲ್ಲಿ ಮರಿಯಮ್ಮನವರ ಸ್ತಂಭ ಎದ್ದಿತು. ನಗರವನ್ನು ಕಾಪಾಡಿದ್ದಕ್ಕೆ ಹೊತ್ತ ಹರಕೆಯಂತಿದ್ದ ಆ ಸ್ತಂಭವು ಮುಂದಿನ ಪೀಳಿಗೆಯ ರಾಷ್ಟ್ರವಾದಿಗಳ ಕಣ್ಣಿಗೆ ಬಿಳಿಗುಡ್ಡದ ಸೋಲಿನ ಗುರುತಾಗಿ ಕಂಡದ್ದು ಇತಿಹಾಸಕ್ಕೆ ಮಾಡಿದ ಅನ್ಯಾಯವೇ ಸರಿ, ಆದರೆ ಹುಸ್ ಸ್ಮಾರಕಕ್ಕೆ ಆ ಚೌಕವೇ ಏಕೆ ಬೇಕಾಯಿತೆಂಬುದು ಅದರಿಂದಲೇ ಅರ್ಥವಾಗುತ್ತದೆ.

ಸ್ಮಾರಕದ ಯೋಜನೆಗೆ ಕಿಡಿ ಹೊತ್ತಿಸಿದವನು ಹುಸ್‌ನ ಅಭಿಮಾನಿಯಲ್ಲ, ವಿರೋಧಿ. 1889ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗೋಡೆಯ ಮೇಲೆ ಹುಸ್ ಹೆಸರಿನ ಫಲಕ ಇರಬೇಕೇ ಎಂಬ ಚರ್ಚೆ ಬೊಹೀಮಿಯದ ಶಾಸನಸಭೆಯಲ್ಲಿ ನಡೆದಾಗ, ಕಾರೆಲ್ ಶ್ವಾರ್ಜೆನ್‌ಬೆರ್ಗ್ ಎಂಬ ಶ್ರೀಮಂತ ಸದಸ್ಯನು ಹುಸೈಟರನ್ನು ದರೋಡೆಕೋರರು, ಬೆಂಕಿಯಿಡುವವರು ಎಂದು ಹಳಿದನು. ಫಲಕದ ಮಾತು ಹಿಂದೆ ಬಿದ್ದು, ಭಾರಿ ಸ್ಮಾರಕಕ್ಕೇ ಚಂದಾ ಎತ್ತುವ ಕೆಲಸ ಆರಂಭವಾಯಿತು. ಸ್ಥಳ ಮತ್ತು ವಿನ್ಯಾಸಗಳ ಬಗ್ಗೆ ವರ್ಷಗಟ್ಟಲೆ ಜಗ್ಗಾಟ ನಡೆದ ಮೇಲೆ 1903ರ ಜುಲೈನಲ್ಲಿ ಅಡಿಗಲ್ಲು ಬಿದ್ದಿತು. ಶಿಲ್ಪಿ ಲಾಡಿಸ್ಲಾವ್ ಶಾಲೌನ್, ಕಣಶಿಲೆಯ ಅಗಲವಾದ ಪೀಠದ ಮೇಲೆ ಕಂಚಿನ ಆಕೃತಿಗಳು ನೆಲದಿಂದಲೇ ಉಕ್ಕಿಬಂದಂತೆ ರೂಪಿಸಿ, ಒಂದು ಬದಿಯಲ್ಲಿ ಹುಸೈಟ್ ಯೋಧರನ್ನೂ ಇನ್ನೊಂದು ಬದಿಯಲ್ಲಿ ದೇಶ ತೊರೆದ ನಿರಾಶ್ರಿತರನ್ನೂ ಇಟ್ಟು, ಮಗುವಿನೊಂದಿಗಿರುವ ತಾಯಿಯಲ್ಲಿ ರಾಷ್ಟ್ರದ ಮರುಹುಟ್ಟನ್ನು ಸೂಚಿಸಿದನು. ನಡುವೆ ನೆಟ್ಟಗೆ ನಿಂತ ಹುಸ್‌ನದು ಕೃಶವಾದ ಎತ್ತರದ ನಿಲುವು, ಗಡ್ಡವುಳ್ಳ ಮುಖ. ಆತ ಬದುಕಿದ್ದಾಗ ಬರೆದ ಯಾವ ಭಾವಚಿತ್ರವೂ ಉಳಿದಿಲ್ಲವಾದ್ದರಿಂದ ಇದು ಕ್ರಿಸ್ತನ ಚಿತ್ರಗಳ ಛಾಯೆಯಲ್ಲಿ ಕಲ್ಪನೆ ಕಡೆದ ಮುಖವೆಂದೇ ತಿಳಿಯಬೇಕು.

ದಹನಕ್ಕೆ 500 ವರ್ಷ ತುಂಬಿದ 1915ರ ಜುಲೈ 6ಕ್ಕೆ ಸ್ಮಾರಕ ಸಿದ್ಧವಾಯಿತು. ಆದರೆ ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದು, ಆಸ್ಟ್ರಿಯದ ಅಧಿಕಾರಿಗಳು ವಿಧ್ಯುಕ್ತ ಅನಾವರಣಕ್ಕೆ ಅನುಮತಿ ಕೊಡದಿದ್ದಾಗ, ಜನರು ಹೂವು ತಂದು ಸುರಿದು ಸಮಾರಂಭದ ಕೊರತೆಯನ್ನು ತಾವೇ ತುಂಬಿದರು. ಅದೇ ವಾರ್ಷಿಕೋತ್ಸವದ ನೆಪದಲ್ಲಿ ಟಿ. ಜಿ. ಮಸಾರಿಕ್ ಜಿನೀವಾದಲ್ಲಿ ಆಸ್ಟ್ರಿಯದ ವಿರುದ್ಧ ಬಹಿರಂಗ ಭಾಷಣ ಮಾಡಿದನು. ಮೂರು ವರ್ಷಗಳ ತರುವಾಯ ಆತನೇ ಸ್ವತಂತ್ರ ಚೆಕೊಸ್ಲೊವಾಕಿಯದ ಮೊದಲ ಅಧ್ಯಕ್ಷನಾದನು.

ಸ್ವಾತಂತ್ರ್ಯ ಘೋಷಣೆಯಾದ ಒಂದು ವಾರದೊಳಗೆ, 1918ರ ನವೆಂಬರ್ 3ರಂದು, ಬಿಳಿಗುಡ್ಡದಲ್ಲಿ ಸಭೆ ನಡೆಸಿ ಬಂದ ಗುಂಪೊಂದು ಮರಿಯಮ್ಮನವರ ಸ್ತಂಭವನ್ನು ಹಗ್ಗ ಹಾಕಿ ಎಳೆದು ಉರುಳಿಸಿತು. 1925ರಲ್ಲಿ ಸರ್ಕಾರವೇ ಹುಸ್ ದಿನವನ್ನು ಅಧಿಕೃತವಾಗಿ ಆಚರಿಸಿದಾಗ ಪೋಪರ ರಾಯಭಾರಿ ಪ್ರತಿಭಟಿಸಿ ಪ್ರಾಗ್ ಬಿಟ್ಟು ಹೋದನು. ಈ ಬಿಗುವು ಸಡಿಲಿದ್ದು ತೀರ ಈಚೆಗೆ: 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ಹುಸ್‌ಗೆ ಬಂದ ಕ್ರೂರ ಸಾವಿನ ಬಗ್ಗೆ ಆಳವಾದ ವಿಷಾದ ವ್ಯಕ್ತಪಡಿಸಿದರು. ಜುಲೈ 6 ಈಗ ಚೆಕ್ ಗಣರಾಜ್ಯದಲ್ಲಿ ಸಾರ್ವಜನಿಕ ರಜಾದಿನವಾಗಿದ್ದರೂ, ಅಲ್ಲಿನ ಬಹುಪಾಲು ಜನರು ಯಾವ ಧರ್ಮಸಭೆಗೂ ಸೇರಿದವರಲ್ಲವಾದ್ದರಿಂದ ಅದು ಧಾರ್ಮಿಕ ಹಬ್ಬಕ್ಕಿಂತ ರಾಷ್ಟ್ರದ ನೆನಪಿನ ದಿನವೆನ್ನುವುದೇ ಸರಿ. ದಶಕಗಳ ವಾಗ್ವಾದದ ಬಳಿಕ ನಗರಸಭೆಯ ಒಪ್ಪಿಗೆ ಪಡೆದು, ಉರುಳಿದ ಸ್ತಂಭದ ಪ್ರತಿಕೃತಿಯನ್ನು 2020ರಲ್ಲಿ ಹಳೆಯ ಜಾಗದಲ್ಲಿಯೇ ಎತ್ತಿ ನಿಲ್ಲಿಸಲಾಯಿತು. ಈ ಬಾರಿ ಹುಸ್ ಸ್ಮಾರಕವನ್ನು ಅಲ್ಲಿಂದ ಕದಲಿಸಬೇಕಾದ ಪ್ರಮೇಯ ಬರಲಿಲ್ಲ.