ಮನೆಯ ಸಾರು, ಹೋಟೆಲಿನ ದೋಸೆ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇಲ್ಲ. ಆದರೆ ಊಟವನ್ನು ಬಲ್ಲುದೆಂದರೇನು? ಇದು ಪಥ್ಯ, ಅದು ಅಪಥ್ಯ, ಇಷ್ಟು ಸಾಕು, ಇಷ್ಟು ಹೆಚ್ಚಾಯಿತು ಎಂದು ಲೆಕ್ಕವಿಡುವುದಷ್ಟೇ ಅದರ ಅರ್ಥವೆಂದು ನಮಗೆ ತೋರುವುದಿಲ್ಲ. ಎಲೆಯ ಮುಂದೆ ಕುಳಿತವನು ಆ ಅನ್ನವು ಯಾರ ಕೈಯಿಂದ ಬಂತು, ಎಷ್ಟು ಶ್ರಮದಿಂದ ಬಂತು, ಬಡಿಸಿದವರ ಊಟವು ಆಯಿತೆ ಇಲ್ಲವೆ ಎಂಬುದನ್ನೂ ಬಲ್ಲವನಾಗಿರಬೇಕು. ಈ ದೃಷ್ಟಿಯಿಂದ ಮನೆಯ ಸರಳವಾದ ಅಡಿಗೆಯನ್ನೂ ಹೊರಗಿನ ಒಳ್ಳೆಯ ಊಟವನ್ನೂ ಕುರಿತು ಸ್ವಲ್ಪ ವಿಚಾರಮಾಡಬೇಕೆಂಬುದು ನಮ್ಮ ಉದ್ದೇಶ.

ಈ ವಿಷಯದಲ್ಲಿ ಗೃಹಸ್ಥರೊಳಗೆ ಎರಡು ಪಕ್ಷಗಳನ್ನು ಕಾಣುತ್ತೇವೆ. ಹೋಟೆಲಿನ ಮೆಟ್ಟಿಲನ್ನು ಹತ್ತುವುದೇ ಮನೆತನಕ್ಕೆ ಕುಂದೆಂದು ಭಾವಿಸುವವರು ಒಂದು ಪಕ್ಷ. ಹೊರಗೆ ತಿಂದದ್ದೆಲ್ಲವೂ ಹೊಟ್ಟೆಗೂ ಕೇಡು, ಹಣಕ್ಕೂ ಕೇಡು ಎಂಬುದು ಅವರ ಮತ. ಇನ್ನೊಂದು ಪಕ್ಷದವರಿಗೆ ಮನೆಯ ಅಡಿಗೆಯೆಂದರೆ ನಿತ್ಯದ ಬೇಸರ. ನಾಲಗೆಗೆ ರುಚಿ ಬೇಕಾದಾಗಲೆಲ್ಲ ಅವರ ಕಾಲು ಬೀದಿಯ ಕಡೆಗೆ ತಿರುಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮನೆಯ ಒಲೆಗೂ ಹೋಟೆಲಿನ ಒಲೆಗೂ ಕೆಲಸಗಳು ಬೇರೆ ಬೇರೆ. ಒಂದರಿಂದ ಆಗುವುದು ಮತ್ತೊಂದರಿಂದ ಆಗುವುದಿಲ್ಲ.

ಮೊದಲು ಮನೆಯ ಅಡಿಗೆಯನ್ನೇ ನೋಡೋಣ. ತಿಳಿಸಾರಿಗೆ ಬೇಕಾಗುವ ಸಾಮಗ್ರಿಯೆಷ್ಟು? ಒಂದು ಹಿಡಿ ತೊಗರಿಬೇಳೆ, ನೆಲ್ಲಿಕಾಯಿಗಾತ್ರದ ಹುಣಿಸೆಹಣ್ಣು, ಉಪ್ಪು, ಒಂದು ಚೂರು ಬೆಲ್ಲ, ಮನೆಯಲ್ಲಿಯೇ ಹುರಿದು ಕುಟ್ಟಿದ ಸಾರಿನ ಪುಡಿ. ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವುಗಳ ಒಗ್ಗರಣೆ. ಇಷ್ಟೇ. ಆದರೂ ಎರಡು ಮನೆಗಳ ಸಾರು ಒಂದೇ ರುಚಿಯಾಗಿರುವುದಿಲ್ಲ. ಕೊತ್ತಂಬರಿಬೀಜ, ಮೆಣಸು, ಜೀರಿಗೆ, ಮೆಂತ್ಯಗಳನ್ನು ಎಷ್ಟು ಹದವಾಗಿ ಹುರಿದರು, ಹುಣಿಸೆಯ ಹಸಿವಾಸನೆ ಹೋಗುವವರೆಗೆ ಕಾದರೆ, ಪುಡಿಯನ್ನು ಹಾಕಿದ ಮೇಲೆ ಅತಿಯಾಗಿ ಕುದಿಸಿ ಪರಿಮಳವನ್ನು ಕಳೆದರೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಇದಕ್ಕಿಂತಲೂ ಮುಖ್ಯವಾದುದು ಮತ್ತೊಂದುಂಟು. ಮನೆಯ ಸಾರಿಗೆ ಉಣ್ಣುವವರ ಪರಿಚಯವಿದೆ. ಮುದುಕರಿಗೆ ಖಾರ ಕಡಮೆ. ನೆಗಡಿಯಾದ ಮಗುವಿಗೆ ಮೆಣಸು ಒಂದಿಷ್ಟು ಮುಂದು. ರಕ್ತದ ಒತ್ತಡವುಳ್ಳವರಿಗೆ ಉಪ್ಪು ಹಿಂದು. ನೂರಾರು ಮಂದಿಗೆ ಒಟ್ಟಿಗೆ ಬಡಿಸತಕ್ಕ ಹೋಟೆಲಿಗೆ ಈ ಲೆಕ್ಕವು ಸಾಧ್ಯವಾಗಲಾರದು.

ಹಳೆಯ ಮೈಸೂರು ಸೀಮೆಯ ಬಸ್ಸಾರನ್ನು ನೋಡಿರಿ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ನೀರಿಗೆ ರುಬ್ಬಿದ ಖಾರವನ್ನು ಸೇರಿಸಿದರೆ ಸಾರಾಯಿತು. ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ನೀರಿಗೆ ಇಳಿದ ಜೀವಸತ್ತ್ವವೂ ಲವಣವೂ ಬಚ್ಚಲಿಗೆ ಹೋಗದೆ ಮುದ್ದೆಯೊಡನೆ ಹೊಟ್ಟೆಗೆ ಬರುತ್ತವೆ. ಮಲೆನಾಡಿನ ತಂಬುಳಿಯೂ ಹೀಗೆಯೇ. ಹಿತ್ತಿಲಿನ ನಾಲ್ಕು ದೊಡ್ಡಪತ್ರೆಯ ಎಲೆಗಳನ್ನು ಬಾಡಿಸಿ, ಕಾಯಿತುರಿ ಜೀರಿಗೆಗಳೊಡನೆ ರುಬ್ಬಿ ಮಜ್ಜಿಗೆಗೆ ಬೆರಸಿದರೆ ಬಿಸಿಲಿನ ದಿನದ ಅನ್ನಕ್ಕೆ ಅದಕ್ಕಿಂತ ಹಿತವಾದ ಜೊತೆಯಿಲ್ಲ. ಉತ್ತರದ ಕಡೆಗೆ ಹೋದರೆ ಜೋಳದ ರೊಟ್ಟಿ. ಗೋಧಿಯ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಆದುದರಿಂದಲೇ ಕುದಿನೀರು ಹಾಕಿ ನಾದುವುದೂ, ಲಟ್ಟಣಿಗೆಯ ಬದಲು ಅಂಗೈಯಿಂದ ಬಡಿಯುವುದೂ ರೂಢಿಗೆ ಬಂದವು. ಮೇಲೆ ಎಣ್ಣೆಗಾಯಿ, ಪಕ್ಕಕ್ಕೆ ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ. ಇವುಗಳಲ್ಲಿ ಯಾವುದೂ ಬೆಲೆಯಿಂದ ದೊಡ್ಡದಲ್ಲ. ಬಿಸಿಯಾಗಿ, ಆ ಹೊತ್ತಿಗೆ, ಹಸಿವಿನ ಮುಂದೆ ಬರುವುದೇ ಇವುಗಳ ಹಿರಿಮೆ.

ಇನ್ನು ಹೊರಗಿನ ಊಟದ ವಿಷಯ. ಹಿಂದಿನ ಕಾಲದಲ್ಲಿ ಮನೆಯ ಹೊರಗೆ ಉಣ್ಣುವುದೆಂದರೆ ಮದುವೆ ಮುಂಜಿಗಳ ಪಂಕ್ತಿ, ದೇವಸ್ಥಾನದ ಪ್ರಸಾದ, ಇಲ್ಲವೆ ದಾರಿಯ ಛತ್ರ. ಹಣ ಕೊಟ್ಟು ಬೇಕಾದುದನ್ನು ಕೇಳಿ ತಿನ್ನುವ ಪದ್ಧತಿಯು ನಮ್ಮಲ್ಲಿ ವ್ಯಾಪಿಸಿದುದು ಇತ್ತೀಚೆಗೆ, ಇಪ್ಪತ್ತನೆಯ ಶತಮಾನದಲ್ಲಿ. ಇದರಲ್ಲಿ ಉಡುಪಿಯ ಕಡೆಯವರ ಪಾತ್ರವು ಎಲ್ಲರಿಗೂ ತಿಳಿದುದೇ. ಕೃಷ್ಣಮಠದ ಸುತ್ತಲಿನ ಊರುಗಳಲ್ಲಿ ಬೆಳೆದ ಅಡಿಗೆಯ ಶಿಸ್ತನ್ನು ಕಟ್ಟಿಕೊಂಡು ಆ ಸೀಮೆಯ ಯುವಕರು ಬೆಂಗಳೂರು, ಮದರಾಸು, ಬೊಂಬಾಯಿಗಳಿಗೆ ಹೋದರು. ಬೆಂಗಳೂರಿನಲ್ಲಿ ೧೯೨೪ನೆಯ ಇಸವಿಯಲ್ಲಿ ಯಜ್ಞನಾರಾಯಣ ಮಯ್ಯರೂ ಅವರ ಸೋದರರೂ ನಡೆಸಿದ ಕಾಫಿ ಕ್ಲಬ್ಬೇ ಮುಂದೆ, ೧೯೬೦ರಲ್ಲಿ, ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ಪಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯ ಇಡ್ಲಿಯನ್ನು ಮಾಡಲು ತೊಡಗಿದವರು ತಾವೇ ಎಂದು ಆ ಹೋಟೆಲಿನವರು ಹೇಳುತ್ತಾರೆ. ಇಂದು ಅದನ್ನು ಮಾಡದ ಮನೆಯು ಅಪರೂಪ. ಕೊರತೆಯ ಕಾಲದ ಉಪಾಯವೊಂದು ಹೋಟೆಲಿನಿಂದ ಮನೆಗೆ ಬಂದು ನೆಲಸಿತು.

ಮನೆಯಿಂದ ಹೋಟೆಲಿಗೆ ಹೋದುವಂತೂ ಲೆಕ್ಕವಿಲ್ಲ. ಇಡ್ಲಿಯನ್ನೇ ತೆಗೆದುಕೊಳ್ಳಬಹುದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಪಾಕದ ವಿಷಯಕ್ಕೇ ಒಂದು ಭಾಗವಿದೆ. ಅಂದಿನ ಇಡ್ಡಲಿಗೆಗೆ ಉದ್ದೇ ಮುಖ್ಯ. ಅಕ್ಕಿಯು ಸೇರಿದುದು ಆಮೇಲೆ. ಸಾವಿರ ವರ್ಷಗಳಿಂದ ನಮ್ಮವರ ಬಾಯಲ್ಲಿರುವ ತಿಂಡಿಯನ್ನು ಹೋಟೆಲಿನವರು ಬೀದಿಗೆ ತಂದು ಎಲ್ಲರಿಗೂ ಎಟುಕುವಂತೆ ಮಾಡಿದರೆಂದರೆ ಅದೇನೂ ಸಣ್ಣ ಉಪಕಾರವಲ್ಲ.

ಒಳ್ಳೆಯ ಹೋಟೆಲನ್ನು ಗುರುತಿಸುವುದು ಹೇಗೆ? ನಮಗೆ ಕಂಡಮಟ್ಟಿಗೆ ಮೂರು ಗುರುತುಗಳು ಸಾಕು. ಮೊದಲನೆಯದು, ಪದಾರ್ಥಗಳು ಕೆಲವೇ ಇರಬೇಕು. ಬೆಂಗಳೂರಿನ ಶಂಕರಪುರದಲ್ಲಿ ೧೯೬೫ರಲ್ಲಿ ಆರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಇಡ್ಲಿ, ವಡೆ, ಚಟ್ನಿಗಳಿಂದಲೇ ಹೆಸರು ಗಳಿಸಿತು. ಸಾಂಬಾರನ್ನು ಅಲ್ಲಿ ಕೇಳಿದರೂ ಸಿಕ್ಕದು. ನೂರು ತಿಂಡಿಗಳ ಪಟ್ಟಿಯಿರುವಲ್ಲಿ ತೊಂಬತ್ತು ನಿನ್ನೆಯವಾಗಿರುವ ಸಂಭವ ಹೆಚ್ಚು. ಎರಡನೆಯದು, ಜನರ ಓಡಾಟ. ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ತಡವಿಲ್ಲದೆ ಹೋಗುವ ಕಡೆಯಲ್ಲಿ ಹಿಟ್ಟು ಹಳಸಲು ಸಮಯವೇ ಇರುವುದಿಲ್ಲ. ಗಾಂಧಿಬಜಾರಿನಲ್ಲಿ ೧೯೪೩ರಿಂದ ನಡೆದು ಬಂದಿರುವ ವಿದ್ಯಾರ್ಥಿ ಭವನದಲ್ಲಿ ಬಡಿಸುವವರು ಒಂದೇ ತೋಳಿನ ಮೇಲೆ ಹತ್ತಾರು ದೋಸೆಯ ತಟ್ಟೆಗಳನ್ನು ಅಡುಕಿಕೊಂಡು ಬರುವುದನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಮೂರನೆಯದು, ಅಡಿಗೆಯ ಮನೆಯನ್ನು ಮುಚ್ಚಿಡದಿರುವುದು. ಒಲೆಯ ಕಡೆಗೆ ಗಿರಾಕಿಯ ದೃಷ್ಟಿ ಬೀಳಲೆಂದು ಬಯಸುವ ಮಾಲಿಕನ ಕೈಯ ಅನ್ನವನ್ನು ನಂಬಬಹುದು.

ದೋಸೆಯನ್ನು ಕುರಿತು ಇಲ್ಲಿ ಒಂದು ಮಾತು. ಎಷ್ಟೋ ಗೃಹಿಣಿಯರು ತಮ್ಮ ದೋಸೆ ಹೋಟೆಲಿನಂತೆ ಗರಿಗರಿಯಾಗಲಿಲ್ಲವೆಂದು ಕೊರಗುವುದುಂಟು. ಅದು ಕೈಯ ದೋಷವಲ್ಲ. ಹೋಟೆಲಿನ ಕಾವಲಿಯು ಅಂಗುಲದಷ್ಟು ದಪ್ಪವಾದ ಕಬ್ಬಿಣದ ಹಲಗೆ. ಬೆಳಗಿನಿಂದ ಕಾದೇ ಇರುವುದರಿಂದ ಹಿಟ್ಟು ಬಿದ್ದರೂ ಅದರ ಶಾಖವು ಕುಗ್ಗುವುದಿಲ್ಲ. ಮನೆಯ ತೆಳ್ಳನೆಯ ಕಾವಲಿಯು ಒಂದು ಸೌಟು ಹಿಟ್ಟಿಗೇ ತಣಿದುಬಿಡುತ್ತದೆ. ಆದುದರಿಂದ ಮನೆಯಲ್ಲಿ ಮನೆಯ ಮೆತ್ತನೆಯ ದೋಸೆಯನ್ನು ಬೆಣ್ಣೆಯೊಡನೆ ಸಂತೋಷವಾಗಿ ತಿನ್ನೋಣ. ಗರಿಗರಿಯಾದುದು ಬೇಕಾದಾಗ ಅದಕ್ಕಾಗಿಯೇ ಹೋಟೆಲಿಗೆ ಹೋಗೋಣ. ಹೋಟೆಲಿನಲ್ಲಿ ಮನೆಯ ಸಾರನ್ನು ಹುಡುಕುವವರೂ ಮನೆಯಲ್ಲಿ ಹೋಟೆಲಿನ ದೋಸೆಯನ್ನು ಕೇಳುವವರೂ ಎರಡು ಕಡೆಯೂ ಅತೃಪ್ತರಾಗಿಯೇ ಏಳುತ್ತಾರೆ.

ಊರು ಬಿಟ್ಟು ಬಂದವರ ಮಾತು ಬೇರೆ. ಹುಬ್ಬಳ್ಳಿ ಧಾರವಾಡಗಳ ಖಾನಾವಳಿಗಳಲ್ಲಿ ರೊಟ್ಟಿ, ಪಲ್ಯ, ಝುಣಕ, ಚಟ್ನಿಪುಡಿಗಳ ಊಟವನ್ನು ಎಷ್ಟೋ ವಿದ್ಯಾರ್ಥಿಗಳೂ ಗುಮಾಸ್ತರೂ ವರ್ಷಗಟ್ಟಲೆ ಉಂಡು ಬಾಳಿದ್ದಾರೆ. ಇನ್ನೊಂದು ರೊಟ್ಟಿ ಹಾಕಲೆ ಎಂದು ಬಡಿಸುವವರು ಕೇಳುವ ಇಂಥ ಊಟವು ಮನೆಯನ್ನು ಬಿಟ್ಟವರಿಗೆ ಮನೆಯೇ ಸರಿ.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ: ಬಡಿಸಿದವರ ಊಟವಾಯಿತೆ?

ಮನೆಯಲ್ಲಿ ದೋಸೆಯಾಗುವ ಬೆಳಗನ್ನು ವಾಚಕರು ಒಮ್ಮೆ ಗಮನವಿಟ್ಟು ನೋಡಬೇಕು. ಮಕ್ಕಳಿಗೆ ಬಿಸಿ ದೋಸೆ. ಯಜಮಾನರಿಗೆ ಬಿಸಿ ದೋಸೆ. ಅತ್ತೆ ಮಾವಂದಿರಿಗೆ ಬಿಸಿ ದೋಸೆ. ಎಲ್ಲರೂ ಕೈತೊಳೆದು ಎದ್ದ ಮೇಲೆ, ಒಂದು ಗಂಟೆ ಒಲೆಯ ಮುಂದೆ ನಿಂತವಳು ಬೋಗುಣಿಯ ತಳದ ಹಿಟ್ಟಿನಿಂದ ಕೊನೆಯ ಒಂದೆರಡನ್ನು ಹೊಯ್ದುಕೊಂಡು, ತಳಕ್ಕೆ ಬಂದ ಚಟ್ನಿಯೊಡನೆ, ಅನೇಕ ವೇಳೆ ನಿಂತುಕೊಂಡೇ ತಿನ್ನುತ್ತಾಳೆ. ಸರಳವಾದ ಅಡಿಗೆಯೆಂದು ನಾವು ಹೊಗಳುವ ಬಸ್ಸಾರಿನಲ್ಲಿ ಸೊಪ್ಪು ಸೋಸುವುದು, ತೊಳೆಯುವುದು, ಬೇಯಿಸಿ ಬಸಿಯುವುದು, ಖಾರ ರುಬ್ಬುವುದು, ಎರಡು ಒಗ್ಗರಣೆ, ಮೇಲೆ ಮುದ್ದೆ ತಿರುವುವುದು, ಇಷ್ಟು ಕೆಲಸಗಳಿವೆ. ಅಡಿಗೆಯು ಸರಳವಾದುದು ಉಣ್ಣುವವನ ಪಾಲಿಗೆ.

ಇದು ಬರಿಯ ಭಾವನೆಯ ಮಾತಲ್ಲ. ಭಾರತ ಸರಕಾರದವರು ೨೦೧೯ರಲ್ಲಿ, ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ವಿಚಾರಿಸಿದರು. ಆರು ವರ್ಷಕ್ಕೆ ಮೇಲ್ಪಟ್ಟ ಸ್ತ್ರೀಯರಲ್ಲಿ ನೂರಕ್ಕೆ ೮೧ ಮಂದಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರು. ಪುರುಷರಲ್ಲಿ ನೂರಕ್ಕೆ ೨೬ ಮಂದಿ ಮಾತ್ರ. ಹಾಗೆ ತೊಡಗಿದವರಲ್ಲಿ ಸ್ತ್ರೀಯರು ಅದಕ್ಕೆ ಕೊಟ್ಟ ಕಾಲವು ದಿನವೊಂದಕ್ಕೆ ಸರಾಸರಿ ೨೯೯ ನಿಮಿಷ, ಪುರುಷರು ಕೊಟ್ಟುದು ೯೭ ನಿಮಿಷ. ೨೯೯ ನಿಮಿಷವೆಂದರೆ ಐದು ಗಂಟೆ. ಭಾನುವಾರವೂ ಹಬ್ಬವೂ ಇದರಲ್ಲಿ ರಜವಲ್ಲ. ಹಬ್ಬದಲ್ಲಿ ಕೆಲಸವು ಇಮ್ಮಡಿಯಾಗುವುದೆಂಬುದನ್ನು ಯಾವ ಗಣತಿಯೂ ನಮಗೆ ಹೇಳಬೇಕಾಗಿಲ್ಲ.

ಹೋಟೆಲಿನ ಊಟದ ನಿಜವಾದ ಬೆಲೆಯು ಇಲ್ಲಿ ತಿಳಿಯುತ್ತದೆ. ಅಲ್ಲಿ ಮನೆಯಾಕೆಯೂ ಎಲ್ಲರೊಡನೆ ಒಂದೇ ಸಮಯಕ್ಕೆ ಕುಳಿತುಕೊಳ್ಳುತ್ತಾಳೆ. ಅವಳ ತಟ್ಟೆಗೂ ಹೊಗೆಯಾಡುವ ದೋಸೆಯೇ ಬರುತ್ತದೆ. ಏನು ಬೇಕೆಂದು ಅವಳನ್ನೂ ಒಬ್ಬರು ಕೇಳುತ್ತಾರೆ. ಕುಟುಂಬ ಸಮೇತರಾಗಿ ಹೊರಗೆ ಹೋಗುವುದನ್ನು ದುಂದುವೆಚ್ಚವೆಂದು ಕರೆಯುವ ಹಿರಿಯರು ಈ ಒಂದು ಲಾಭವನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಡೆಗೆ ಬರೆಯುವರೋ ತಿಳಿಯದು. ಯಜಮಾನನು ಕಚೇರಿಯಿಂದ ಬರುವಾಗ ಗೆಳೆಯರೊಡನೆ ತಿಂಡಿ ತಿಂದು ಬಂದು, ಮನೆಯಲ್ಲಿ ಹೊರಗಿನ ಊಟವು ಕೆಟ್ಟದ್ದೆಂದು ಉಪದೇಶಿಸುವುದಂತೂ ನ್ಯಾಯವಲ್ಲ.

ಆದರೆ ತಿಂಗಳಿಗೊಂದು ದಿನ ಹೋಟೆಲಿಗೆ ಕರೆದುಕೊಂಡು ಹೋಗಿಬಿಟ್ಟರೆ ಉಳಿದ ಇಪ್ಪತ್ತೊಂಬತ್ತು ದಿನಗಳ ಸಾಲವು ತೀರಿತೆಂದು ತಿಳಿಯಬಾರದು. ಹೋಟೆಲಿನಲ್ಲಿ ಕಲಿತ ನೀತಿಯನ್ನು ಮನೆಗೂ ತರಬೇಕು. ಅದು ಕಷ್ಟವೂ ಅಲ್ಲ. ದೋಸೆಯ ದಿನ ಕಾವಲಿಯ ಮುಂದೆ ಆಳು ಬದಲಾಗಲಿ. ನಾಲ್ಕು ದೋಸೆ ತಿಂದವನು ಎದ್ದು ನಾಲ್ಕು ದೋಸೆ ಹೊಯ್ಯಲಿ. ನಿತ್ಯದ ಊಟಕ್ಕೆ ಒಂದು ಸಾರೋ ಹುಳಿಯೋ, ಒಂದು ಪಲ್ಯ, ಮಜ್ಜಿಗೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಎಂಬ ಹಟವನ್ನು ಬಿಡೋಣ. ಅಡಿಗೆಯಾದ ಮೇಲೆ ಪಾತ್ರೆಗಳನ್ನು ನಡುವೆ ಇಟ್ಟು ಎಲ್ಲರೂ ಒಟ್ಟಿಗೆ ಕುಳಿತು ಬಡಿಸಿಕೊಂಡರೆ ಕೊನೆಯವಳೆಂಬುವಳೇ ಇರುವುದಿಲ್ಲ. ಹೆಣ್ಣುಮಕ್ಕಳಂತೆಯೇ ಗಂಡುಮಕ್ಕಳಿಗೂ ಅನ್ನ ಮಾಡುವುದನ್ನೂ ಒಂದು ಸಾರನ್ನೂ ಹತ್ತು ಹನ್ನೆರಡನೆಯ ವಯಸ್ಸಿಗೇ ಕಲಿಸಬೇಕು. ನಮ್ಮ ಹೋಟೆಲುಗಳ ಹೆಸರಾಂತ ಬಾಣಸಿಗರೆಲ್ಲರೂ ಬಹುಮಟ್ಟಿಗೆ ಗಂಡಸರೇ ಆಗಿರಲಾಗಿ, ಅಡಿಗೆಯು ಗಂಡಸರ ಕೈಗೆ ಒಗ್ಗದೆಂಬ ಮಾತನ್ನು ಯಾರೂ ನಂಬಬೇಕಾಗಿಲ್ಲ.

ದೂರವಾಣಿಯಲ್ಲಿ ಹೇಳಿಕಳುಹಿಸಿದರೆ ಅರ್ಧ ಗಂಟೆಯೊಳಗೆ ಊಟವು ಮನೆಬಾಗಿಲಿಗೆ ಬರುವ ಅನುಕೂಲವು ಈಗ ಪಟ್ಟಣಗಳಲ್ಲಿ ಉಂಟಾಗಿದೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ದಿನ ಇದು ದೊಡ್ಡ ಸಹಾಯವೇ ಸರಿ. ಆದರೆ ಡಬ್ಬಿಯಲ್ಲಿ ಬೆವೆತು ಬಂದ ದೋಸೆಗೆ ಕಾವಲಿಯ ಗರಿಯೂ ಇಲ್ಲ, ಮನೆಯ ಹದವೂ ಇಲ್ಲ. ಅನ್ನ, ಪಲಾವು ಮುಂತಾದ, ದಾರಿಯನ್ನು ತಾಳಿಕೊಳ್ಳತಕ್ಕ ಪದಾರ್ಥಗಳನ್ನು ತರಿಸಿಕೊಳ್ಳುವುದು ಉತ್ತಮ. ದೋಸೆಯನ್ನು ಮಾತ್ರ ಅದು ಹುಟ್ಟುವ ಸ್ಥಳಕ್ಕೆ ಹೋಗಿಯೇ ತಿನ್ನತಕ್ಕದ್ದು.

ಮನೆಯ ಸಾರು ನಿತ್ಯದ ಆರೋಗ್ಯಕ್ಕೂ ಹೋಟೆಲಿನ ದೋಸೆ ಒಂದು ದಿನದ ಉಲ್ಲಾಸಕ್ಕೂ ಇರಲಿ. ಎರಡು ಕಡೆಯಲ್ಲಿಯೂ ಮೊದಲ ತುತ್ತನ್ನು ಎತ್ತುವ ಮುಂಚೆ, ಅಡಿಗೆ ಮಾಡಿದವರಿಗೂ ಬಿಸಿಯಾದ ಪಾಲು ಇದೆಯೆ ಎಂದು ಒಮ್ಮೆ ತಿರುಗಿ ನೋಡುವ ಅಭ್ಯಾಸವು ನಮ್ಮ ಮನೆಮನೆಗಳಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.