ಕಾಗದ ನೋಡಿದಿರಿ, ಪಾಯ ನೋಡಿದಿರಾ?

ನಮ್ಮಲ್ಲಿ ಮನೆ ಕೊಳ್ಳುವ ಕೆಲಸ ಕಾಗದದಿಂದ ಶುರುವಾಗಿ ಕಾಗದದಲ್ಲೇ ಮುಗಿಯುತ್ತದೆ. ಅತ್ತಿವೇರಿಯಂಥ ಹಳ್ಳಿಯಿರಲಿ, ಮುಂಡಗೋಡ, ಹಳಿಯಾಳ, ದಾಂಡೇಲಿಯಂಥ ಪೇಟೆಯಿರಲಿ, ಒಂದು ಮನೆ ಮಾರಾಟಕ್ಕೆ ಬಂತೆಂದರೆ ಕೊಳ್ಳುವವರು ಮೊದಲು ವಕೀಲರನ್ನು ಕಾಣುತ್ತಾರೆ. ಮೂಲಪತ್ರ ಯಾರ ಹೆಸರಲ್ಲಿದೆ, ಅಣ್ಣತಮ್ಮಂದಿರ ಹಿಸ್ಸೆ ಆಗಿದೆಯೇ, ಸೊಸೈಟಿ ಸಾಲದ ಭಾರ ಇದೆಯೇ, ಹಳ್ಳಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಸಿಕ್ಕಿವೆಯೇ ಎಂದು ಒಂದೊಂದಾಗಿ ನೋಡಿಸುತ್ತಾರೆ. ಮೂವತ್ತು ವರ್ಷ ಹಿಂದಿನವರೆಗಿನ ಋಣಭಾರ ಪತ್ರ ತೆಗೆಸುವವರೂ ಇದ್ದಾರೆ. ಬಾಗಿಲು ಯಾವ ದಿಕ್ಕಿಗಿದೆ, ಬಾವಿ ಯಾವ ಮೂಲೆಯಲ್ಲಿದೆ ಎಂದು ವಾಸ್ತು ಬಲ್ಲವರಿಂದ ಇನ್ನೊಂದು ಪರೀಕ್ಷೆಯೂ ನಡೆಯುತ್ತದೆ. ಇಷ್ಟೆಲ್ಲ ಆದಮೇಲೆ, ಯಾವ ವಸ್ತುವಿಗಾಗಿ ಹಣ ಕೊಡುತ್ತಿದ್ದೇವೋ ಆ ಗೋಡೆ, ಪಾಯ, ಮಾಡುಗಳ ಪಾಲಿಗೆ ಬರುವುದು ಅರ್ಧ ಗಂಟೆಯ ಓಡಾಟ ಮಾತ್ರ. ಗೋಡೆಯನ್ನು ಎರಡು ಸಲ ತಟ್ಟಿ ‘ಗಟ್ಟಿ ಐತಿ’ ಅನ್ನುವಲ್ಲಿಗೆ ತಪಾಸಣೆ ಮುಗಿಯಿತು. ಈ ಕ್ರಮ ತಿರುವುಮುರುವಾಗಿದೆ. ಸಂಚಕಾರದ ಹಣ ಕೈಬದಲಾಗುವ ಮೊದಲೇ ಕಟ್ಟಡ ಬಲ್ಲ ಇಂಜಿನಿಯರರಿಂದ ಮನೆಯನ್ನು ಬುಡದಿಂದ ತುದಿಯವರೆಗೆ ನೋಡಿಸಿ ಬರವಣಿಗೆಯಲ್ಲಿ ವರದಿ ಪಡೆಯುವುದು, ವಕೀಲರ ಅಭಿಪ್ರಾಯ ಪಡೆಯುವಷ್ಟೇ ಸಹಜವಾದ ರೂಢಿಯಾಗಬೇಕು.

ಹಾಗೆ ಹೇಳಲು ಮೊದಲ ಕಾರಣ ಕಾನೂನಿನಲ್ಲೇ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಮೇಲೆ ಒಂದು ಹೊಣೆ ಹೊರಿಸುತ್ತದೆ. ಆಸ್ತಿಯಲ್ಲಿರುವ ಗಂಭೀರ ದೋಷವನ್ನು ಅವರು ಕೊಳ್ಳುವವರಿಗೆ ತಿಳಿಸಬೇಕು. ಆದರೆ ಎಂಥ ದೋಷ? ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ್ದು, ಮತ್ತು ಸಾಮಾನ್ಯ ಎಚ್ಚರ ವಹಿಸಿದರೂ ಕೊಳ್ಳುವವರ ಕಣ್ಣಿಗೆ ಬೀಳದಂಥದ್ದು. ಎಚ್ಚರದಿಂದ ನೋಡಿದ್ದರೆ ಕಾಣುತ್ತಿದ್ದ ಬಿರುಕಿಗೆ ಮಾರುವವರು ಹೊಣೆಯಲ್ಲ ಎಂದೇ ಇದರ ಅರ್ಥ. ಸಾಲದ್ದಕ್ಕೆ, ಕೊಳ್ಳುವವರು ಮನೆಯನ್ನು ಸ್ವತಃ ನೋಡಿ ತೃಪ್ತರಾಗಿದ್ದಾರೆ ಎಂಬ ಸಾಲು ಎಷ್ಟೋ ಖರೀದಿ ಪತ್ರಗಳಲ್ಲಿ ಇದ್ದೇ ಇರುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣದ ಕಾಯ್ದೆ, ರೇರಾ, ಇದೆಯಲ್ಲ ಎನ್ನಬಹುದು. 2016ರ ಆ ಕಾಯ್ದೆಯ 14ನೇ ಕಲಮಿನಂತೆ, ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಬಿಲ್ಡರು 30 ದಿನಗಳಲ್ಲಿ ಖರ್ಚು ಕೇಳದೆ ಸರಿಪಡಿಸಿ ಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗಳೂ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳೂ ನೋಂದಣಿಯ ಕಡ್ಡಾಯದಿಂದ ಹೊರಗಿವೆ. ಹಳೆಯ ಮನೆಯೊಂದನ್ನು ಅದರ ಮಾಲೀಕರು ಮಾರಿದರೆ ಆ ಕಾಯ್ದೆಯ ಮಾತೇ ಬರುವುದಿಲ್ಲ. ನಮ್ಮ ಸುತ್ತಿನ ತಾಲೂಕುಗಳಲ್ಲಿ ಕೈಬದಲಾಗುವ ಮನೆಗಳು ಹೆಚ್ಚಾಗಿ ಇಂಥವೇ. ಇಲ್ಲಿ ಕೊಳ್ಳುವವರನ್ನು ಕಾಯುವುದು ಅವರ ಎಚ್ಚರ ಒಂದೇ.

ಎರಡನೆಯ ಕಾರಣ ನೆಲ. ಅತ್ತಿವೇರಿಯ ಹೆಸರು ಪಕ್ಷಿಧಾಮದಿಂದಾಗಿ ಹೊರಗೆ ಪರಿಚಿತವಾದರೂ, ಮನೆ ಕಟ್ಟುವವರಿಗೆ ಇಲ್ಲಿ ಮುಖ್ಯವಾಗುವುದು ಇದು ಅರೆಮಲೆನಾಡು ಎಂಬ ಸಂಗತಿ. ಪಡುವಣಕ್ಕೆ ಜೋಯಿಡಾದ ಘಟ್ಟದಂಚು, ಜಂಬಿಟ್ಟಿಗೆ ಕಲ್ಲು, ಬಿಡದೆ ಹೊಯ್ಯುವ ಮಳೆ. ಮೂಡಣಕ್ಕೆ ಹೋದಂತೆ ಮಳೆ ಇಳಿಯುತ್ತ ಮಸಾರಿ ನೆಲ ಬರುತ್ತದೆ, ಮುಂದೆ ಧಾರವಾಡ, ಹುಬ್ಬಳ್ಳಿಯ ಕಡೆಗೆ ಎರೆಭೂಮಿ. ಇಂಥ ಸಂಧಿಯ ನಾಡಿನಲ್ಲಿ ಪಕ್ಕದ ಊರಿನ ಪಾಯ ನೋಡಿ ಈ ಊರಿನ ಪಾಯದ ಬಗ್ಗೆ ಹೇಳಲಾಗದು. ಎರೆಮಣ್ಣಿನ ಗುಣ ರೈತರಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿಖನಿಜ ತನ್ನ ಪದರಗಳ ನಡುವೆ ನೀರು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಈ ಉಬ್ಬು-ಇಳಿತ ಮೂರು ಮೂರೂವರೆ ಮೀಟರ್ ಆಳದವರೆಗೂ ಇರಬಲ್ಲದು. ಆದ್ದರಿಂದಲೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದು ಬುಡದಲ್ಲಿ ಗಡ್ಡೆಯಂತೆ ದಪ್ಪನಾಗುವ ಕಾಂಕ್ರೀಟ್ ಕಂಬಗಳ ಅಡಿಪಾಯವನ್ನು ರೂಢಿಗೆ ತಂದಿತು. ಎರಡು ಮೂರು ಅಡಿ ಅಗೆದು ಕಲ್ಲು ತುಂಬಿದ ಪಾಯ ಎರೆಯ ಮೇಲೆ ಕೂತಿದ್ದರೆ ಮನೆ ವರ್ಷಕ್ಕೊಮ್ಮೆ ಮೇಲೆದ್ದು ಕೆಳಗಿಳಿಯುತ್ತದೆ. ಅಂಚಿನ ಮಣ್ಣು ಬೇಗ ಒಣಗುತ್ತದೆ, ನಡುಮನೆಯ ಕೆಳಗಿನದು ಒಣಗುವುದಿಲ್ಲ. ಹೀಗೆ ಮನೆಯ ಎಲ್ಲ ಭಾಗವೂ ಒಂದೇ ಸಮ ಏರಿಳಿಯದ ಕಾರಣ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ.

ಎಲ್ಲ ಬಿರುಕೂ ಕೆಟ್ಟದ್ದಲ್ಲ, ಅದಕ್ಕೇ ಓದಬಲ್ಲ ಕಣ್ಣು ಬೇಕು. ಗಿಲಾವು ಒಣಗುವಾಗ ಬೀಳುವ ಕೂದಲೆಳೆಯ ಗೀರು ನಿರುಪದ್ರವಿ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣದಲ್ಲಿ ಸುಮಾರು 5 ಮಿಲಿಮೀಟರ್ ಒಳಗಿನ ಬಿರುಕು ಅಂದಗೆಡಿಸುವ ದೋಷ ಅಷ್ಟೆ. 25 ಮಿಲಿಮೀಟರ್ ದಾಟಿದರೆ ಕಟ್ಟಡ ನಿಲ್ಲುವುದೇ ಅನುಮಾನ. ಅಗಲಕ್ಕಿಂತ ಮುಖ್ಯವಾದದ್ದು ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂಬ ಪ್ರಶ್ನೆ. ಹಿಂದೊಮ್ಮೆ ಕುಸಿದು ಅಲ್ಲಿಗೇ ನಿಂತ ಗೋಡೆ ಬೇರೆ, ಪ್ರತಿ ಮಳೆಗಾಲಕ್ಕೆ ಅರ್ಧ ಮಿಲಿಮೀಟರ್ ತೆರೆಯುವ ಗೋಡೆ ಬೇರೆ. ಬಿರುಕಿನ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಟ್ಟು ಕೆಲವು ತಿಂಗಳು ಕಾದರೆ ಉತ್ತರ ಸಿಗುತ್ತದೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ತಿಳಿಯಬೇಕು. ಅಷ್ಟು ಕಾಲಾವಕಾಶ ಇಲ್ಲದಿದ್ದರೂ, ಬಿರುಕಿನ ಓರೆ ಯಾವ ಕಡೆಗಿದೆ, ಮೇಲೆ ಅಗಲವೋ ಕೆಳಗೆ ಅಗಲವೋ, ಒಳಗೋಡೆಯಲ್ಲೂ ಅದೇ ಜಾಗದಲ್ಲಿ ಕಾಣುತ್ತಿದೆಯೋ ಎಂಬುದರಿಂದಲೇ ಅನುಭವಿ ಇಂಜಿನಿಯರು ಪಾಯದ ಯಾವ ಮೂಲೆ ಇಳಿದಿದೆ ಎಂದು ಊಹಿಸಬಲ್ಲರು. ಪಕ್ಕದಲ್ಲಿ ಎರಡು ಗುದ್ದು ತೋಡಿ ಪಾಯದ ಆಳ, ಮಣ್ಣಿನ ಬಣ್ಣ ನೋಡಿದರೆ ಆ ಊಹೆ ಖಚಿತವಾಗುತ್ತದೆ.

ಮಣ್ಣಿನ ಗೋಡೆಯ ಹಳೆಯ ಮನೆಗಳ ಸಂಗತಿ ಇನ್ನೂ ಸೂಕ್ಷ್ಮ. ಮಣ್ಣಿನ ಮನೆ ಎಂದಾಕ್ಷಣ ಕಳಪೆ ಎನ್ನುವುದು ತಪ್ಪು. ಬುಡ ಒಣಗಿದ್ದು, ಹೆಂಚು ಸೋರದೆ, ಇಳಿಜಾರು ಮಾಡು ಗೋಡೆಯಿಂದ ಸಾಕಷ್ಟು ಹೊರಚಾಚಿದ್ದರೆ ಅಂಥ ಮನೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಅಪಾಯ ಬರುವುದು ಹೆಚ್ಚಾಗಿ ಮನೆಯನ್ನು ಮಾರಾಟಕ್ಕೆ ‘ಚಂದ’ ಮಾಡುವಾಗ. ಮಣ್ಣಿನ ಗೋಡೆ ನೆಲದ ತೇವ ಹೀರಿ ಗಾಳಿಗೆ ಬಿಡುತ್ತ ಇರುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಬಳಿದು ಆಯಿಲ್ ಪೇಂಟ್ ಹೊಡೆದರೆ ತೇವ ಹೊರಹೋಗುವ ದಾರಿ ಮುಚ್ಚಿಹೋಗುತ್ತದೆ. ಹೊರಗಿನಿಂದ ಗೋಡೆ ಹೊಸದಾಗಿ ಹೊಳೆಯುತ್ತಿರುತ್ತದೆ, ಒಳಗೆ ಬುಡದ ಮಣ್ಣು ಮೆತ್ತಗಾಗುತ್ತ ಭಾರ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ಕೊಳ್ಳುವವರು ಹೆಚ್ಚು ಬೆಲೆ ಕೊಡುವುದು ಇದೇ ಹೊಳಪಿಗೆ ಎಂಬುದು ನೋವಿನ ಸಂಗತಿ. ಮಾಡಿನ ಮರಕ್ಕೂ ಇದೇ ಮಾತು ಸಲ್ಲುತ್ತದೆ. ತೊಲೆ, ಜಂತಿಗಳು ಗೋಡೆಯೊಳಗೆ ಹೊಕ್ಕುವ ತುದಿಯಲ್ಲೇ ಒರಲೆ ಹತ್ತುವುದು, ಕೊಳೆಯುವುದು ಹೆಚ್ಚು. ಆ ತುದಿ ಯಾರಿಗೂ ಕಾಣಿಸುವುದಿಲ್ಲ. ನಡುವೆ ಕರ್ರಗೆ ಎಣ್ಣೆ ಹಚ್ಚಿಸಿಕೊಂಡ ಸಾಗವಾನಿ ಮಾತ್ರ ಕಾಣುತ್ತದೆ. ಸುತ್ತಿಗೆಯಿಂದ ಬಡಿದು ಸದ್ದು ಕೇಳುವುದು, ಚೂಪಾದ ಮೊಳೆಯಿಂದ ಚುಚ್ಚಿ ನೋಡುವುದು ಇದಕ್ಕೆ ಹಳೆಯ ಉಪಾಯ, ಇಂದಿಗೂ ಒಳ್ಳೆಯ ಉಪಾಯ.

ಆರ್‌ಸಿಸಿ ಮನೆಯಾದರೆ ಚಿಂತೆಯಿಲ್ಲ ಎಂಬ ನಂಬಿಕೆ ಬಲವಾಗಿದೆ, ಆದರೆ ಅದು ಪೂರ್ತಿ ನಿಜವಲ್ಲ. ಕಾಂಕ್ರೀಟಿನ ಒಳಗಿನ ಸರಳು ತುಕ್ಕು ಹಿಡಿಯದಿರುವುದು ಕಾಂಕ್ರೀಟಿನ ಕ್ಷಾರಗುಣದಿಂದ. ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷಗಳುದ್ದಕ್ಕೂ ಒಳಗಿಳಿಯುತ್ತ ಆ ಕ್ಷಾರವನ್ನು ಕುಂದಿಸುತ್ತದೆ. ಕಾಂಕ್ರೀಟು ಸರಿಯಾಗಿ ಕೂಡಿಸದೆ ಜಾಳಾಗಿದ್ದರೆ, ಸರಳಿನ ಮೇಲಿನ ಹೊದಿಕೆ ತೆಳುವಾಗಿದ್ದರೆ ಇದು ಬೇಗ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸ್ಲ್ಯಾಬಿನ ತಳದಿಂದ ಚಕ್ಕೆ ಉದುರುವುದು ಈ ರೋಗದ ಕೊನೆಯ ಹಂತ. ಅದಕ್ಕೂ ಮೊದಲೇ ಕಂಡುಹಿಡಿಯುವ ಪರೀಕ್ಷೆ ತುಂಬ ಸರಳ. ಒಂದು ಚೂರು ಒಡೆದು ಫಿನಾಲ್ಫ್ಥಲೀನ್ ದ್ರವ ಸಿಂಪಡಿಸಿದರೆ ಆರೋಗ್ಯವಾಗಿರುವ ಕಾಂಕ್ರೀಟು ಗುಲಾಬಿಗೆ ತಿರುಗುತ್ತದೆ, ಕ್ಷಾರ ಕಳೆದುಕೊಂಡದ್ದು ಬಣ್ಣವಿಲ್ಲದೆ ಉಳಿಯುತ್ತದೆ. ಸ್ಪ್ರಿಂಗು ಸುತ್ತಿಗೆಯ ಪುಟಿತದಿಂದ ಮೇಲ್ಮೈ ಗಟ್ಟಿತನ, ಶ್ರವಣಾತೀತ ತರಂಗ ಹಾಯುವ ವೇಗದಿಂದ ಒಳಗಿನ ಟೊಳ್ಳು, ಇನ್ನೊಂದು ಉಪಕರಣದಿಂದ ಸರಳು ಎಷ್ಟು ಆಳದಲ್ಲಿದೆ ಎಂಬುದು ತಿಳಿಯುತ್ತದೆ. ಇವಕ್ಕೆ ಗೋಡೆ ಒಡೆಯಬೇಕಾಗಿಲ್ಲ.

ಯಂತ್ರಗಳಿಗಿಂತಲೂ ಮುಖ್ಯವಾದ ಪ್ರಶ್ನೆ ಮನೆಯ ಚರಿತ್ರೆಯದು. ಮೇಲಿನ ಮಹಡಿ ಮೊದಲೇ ಯೋಜನೆಯಲ್ಲಿತ್ತೇ, ಆಮೇಲೆ ಏರಿಸಿದ್ದೇ? ಒಂದೇ ಅಂತಸ್ತಿಗೆಂದು ಹಾಕಿದ ಪಾಯದ ಮೇಲೆ ಮಗನ ಮದುವೆಗೊಂದು, ಬಾಡಿಗೆಗೊಂದು ಎಂದು ಮಹಡಿ ಸೇರಿಸಿದ ಮನೆಗಳು ನಮ್ಮ ಪೇಟೆಗಳಲ್ಲಿ ಅಪರೂಪವೇನಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದ ಕಟ್ಟಡವನ್ನು ಈ ಭಾಗದವರು ಮರೆತಿಲ್ಲ. ಕೆಳಗೆ ಅಂಗಡಿಗಳಲ್ಲಿ ವ್ಯಾಪಾರ ನಡೆದಿತ್ತು, ಮೇಲೆ ಕಟ್ಟುವ ಕೆಲಸ ಸಾಗಿತ್ತು. 19 ಜನ ಸತ್ತರು. ಅದು ವಾಣಿಜ್ಯ ಕಟ್ಟಡ, ನಾವು ಮಾತಾಡುತ್ತಿರುವುದು ವಾಸದ ಮನೆಯ ಬಗ್ಗೆ, ನಿಜ. ಆದರೆ ಜನ ಒಳಗೆ ಹೋಗಿಬಂದು ಮಾಡುತ್ತಿದ್ದ ಕಟ್ಟಡವೇ ಕುಸಿಯಿತು ಎಂಬುದನ್ನು ಕಡೆಗಣಿಸುವಂತಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ನಮ್ಮ ಗೌಂಡಿಗೆ ಇದೆಲ್ಲ ಗೊತ್ತು ಎಂಬುದು. ಅನುಭವಿ ಗೌಂಡಿಯ ಕಣ್ಣನ್ನು ಹಗುರವಾಗಿ ಕಾಣಬಾರದು. ಊರಿನ ಮಣ್ಣು, ಕಲ್ಲು, ಯಾವ ಮನೆ ಯಾವಾಗ ಕಟ್ಟಿದ್ದು ಎಂಬುದು ಅವರಿಗೆ ತಿಳಿದಷ್ಟು ಹೊರಗಿನ ಇಂಜಿನಿಯರಿಗೆ ತಿಳಿಯದು, ತಪಾಸಣೆಯ ದಿನ ಅವರನ್ನೂ ಕರೆದುಕೊಂಡು ಹೋಗುವುದೇ ಸರಿ. ಆದರೆ ಬೀಮಿನ ಮೇಲೆ ಎಷ್ಟು ಭಾರವಿದೆ, ಅದು ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಅವರ ಕೆಲಸವಲ್ಲ. ಅವರ ಬಾಯಿಮಾತು ನಾಳೆ ಚೌಕಾಸಿಯಲ್ಲಾಗಲಿ, ಕೋರ್ಟಿನಲ್ಲಾಗಲಿ ನಿಲ್ಲುವುದೂ ಕಷ್ಟ. ಬ್ಯಾಂಕಿನವರು ಹೇಗೂ ಮನೆ ನೋಡಿಸುತ್ತಾರಲ್ಲ ಎಂಬುದು ಇನ್ನೊಂದು ಮಾತು. ಬ್ಯಾಂಕು ಕಳಿಸುವವರು ಮೌಲ್ಯ ಕಟ್ಟುವವರು. ಸಾಲ ತೀರದಿದ್ದರೆ ಮನೆ ಮಾರಿ ಹಣ ಎತ್ತಬಹುದೇ ಎಂಬುದು ಅವರು ಉತ್ತರಿಸಬೇಕಾದ ಪ್ರಶ್ನೆ, ನಿಮ್ಮ ಮಕ್ಕಳು ಆ ಸ್ಲ್ಯಾಬಿನ ಕೆಳಗೆ ಮಲಗಬಹುದೇ ಎಂಬುದಲ್ಲ.

ಖರ್ಚಿನ ಆಕ್ಷೇಪಕ್ಕೆ ತೂಕವಿದೆ, ಹುಬ್ಬಳ್ಳಿ ಧಾರವಾಡದಿಂದ ಇಂಜಿನಿಯರರನ್ನು ಕರೆಸುವುದು ಅತ್ತಿವೇರಿಯ ಕುಟುಂಬಕ್ಕೆ ಸಣ್ಣ ಮಾತಲ್ಲ. ಆದರೂ ಲೆಕ್ಕ ಹಾಕೋಣ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5, ಮತ್ತು 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2. ಮೂವತ್ತು ಲಕ್ಷದ ಮನೆಗೆ ಇವೆರಡೇ 2,10,000 ರೂಪಾಯಿ, ಮೇಲಿನ ಸೆಸ್ಸು, ಸರ್ಚಾರ್ಜು ಬೇರೆ. ಇದನ್ನು ಕಟ್ಟಲು ಸಿದ್ಧರಾದವರು, ಇದರ ಒಂದು ಪಾಲಿನಲ್ಲಿ ಮುಗಿಯುವ ತಪಾಸಣೆಗೆ ಹಿಂಜರಿಯುವುದು ನ್ಯಾಯವಲ್ಲ. ಎಲ್ಲ ಮನೆಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಮೊದಲು ಕಣ್ಣಳತೆಯ ಪೂರ್ಣ ಪರಿಶೀಲನೆ, ಅದರಲ್ಲಿ ಅನುಮಾನ ಬಂದರೆ ಮಾತ್ರ ಯಂತ್ರ. ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜಿದೆ, ತಿಳಿದವರನ್ನು ಹುಡುಕುವಾಗ ಅಲ್ಲಿ ವಿಚಾರಿಸಬಹುದು. ಇನ್ನು ಮಾರುವವರು ಒಪ್ಪುವುದಿಲ್ಲ, ಅಪನಂಬಿಕೆ ಎಂದುಕೊಳ್ಳುತ್ತಾರೆ ಎಂಬ ಸಂಕೋಚ. ಪರಿಚಯದ ಊರುಗಳಲ್ಲಿ ಇದೇ ದೊಡ್ಡ ಅಡ್ಡಿ. ಆದರೆ ಋಣಭಾರ ಪತ್ರ ಕೇಳಿದಾಗ ಯಾರೂ ಮುನಿಸಿಕೊಳ್ಳುವುದಿಲ್ಲ, ಏಕೆಂದರೆ ಅದು ಎಲ್ಲರೂ ಕೇಳುವಂಥದ್ದು. ಸ್ಕಾಟ್ಲೆಂಡಿನಲ್ಲಿ 2008ರ ಡಿಸೆಂಬರ್‌ನಿಂದ ಮನೆ ಮಾರುವವರೇ ಸರ್ವೇಯರರ ವರದಿ ಮಾಡಿಸಿ ಕೊಳ್ಳಬಯಸುವವರಿಗೆ ತೋರಿಸಬೇಕೆಂಬ ಕಾನೂನಿದೆ. ಅಲ್ಲಿ ಈಗ ಅದು ಯಾರಿಗೂ ಅವಮಾನವಲ್ಲ.

ನಮ್ಮ ಸರ್ಕಾರಕ್ಕೂ ಮನೆಯ ಗಟ್ಟಿತನ ಅಳೆಯಲು ಬಾರದೆಂದಲ್ಲ. 2019ರ ಆಗಸ್ಟ್‌ನ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಉದ್ದಕ್ಕೂ ನೆನೆದ ಗೋಡೆಗಳು ಕುಸಿದಾಗ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಲಾಯಿತು. ಮನೆ ಎಷ್ಟು ಹಾಳಾಗಿದೆ ಎಂಬ ವಿಚಾರಣೆ ಅಂದು ಬಂತು, ಮನೆ ಬಿದ್ದ ಮೇಲೆ. ಅದೇ ಕಣ್ಣು ಖರೀದಿಯ ಹೊತ್ತಿಗೆ ಬರಲು ಕೊಳ್ಳುವವರು ಮಾಡಬೇಕಾದ್ದು ಹೆಚ್ಚೇನಿಲ್ಲ. ತಪಾಸಣೆಗೆ ಮೊದಲೇ ಸಂಚಕಾರ ಕೊಡಬೇಕಾಗಿ ಬಂದರೆ ಕರಾರು ಪತ್ರದಲ್ಲಿ ಒಂದು ಷರತ್ತು ಬರೆಸಬೇಕು: ಇಂಜಿನಿಯರರ ತಪಾಸಣೆಯಲ್ಲಿ ರಚನೆಯ ದೋಷ ಕಂಡರೆ ದುರಸ್ತಿಯ ವೆಚ್ಚ ಬೆಲೆಯಲ್ಲಿ ಕಳೆಯಬೇಕು, ಇಲ್ಲವೇ ಸಂಚಕಾರ ಪೂರ್ತಿ ಹಿಂದಿರುಗಬೇಕು. ವರದಿಯಲ್ಲಿ ಫೋಟೋ, ಅಳತೆ, ತಪಾಸಣೆಯ ದಿನಾಂಕ, ಇಂಜಿನಿಯರರ ಸಹಿ ಇರಬೇಕು. ಯಾವ ದೋಷ ಈಗಲೇ ಸರಿಪಡಿಸಬೇಕಾದ್ದು, ಯಾವುದು ಕಾಯಬಹುದು, ಯಾವ ಭಾಗ ನೋಡಲು ಸಿಗಲಿಲ್ಲ ಎಂಬುದನ್ನೂ ಬರೆಸಿಕೊಳ್ಳಬೇಕು. ಸಾಧ್ಯವಾದರೆ ಶ್ರಾವಣ, ಭಾದ್ರಪದದ ಮಳೆಯಲ್ಲೊಮ್ಮೆ, ಚೈತ್ರದ ಬಿಸಿಲಲ್ಲೊಮ್ಮೆ ಮನೆ ನೋಡಬೇಕು. ಮಳೆಯಲ್ಲಿ ಪಸೆ ಮತ್ತು ಸೋರಿಕೆ ಕಾಣುತ್ತವೆ, ಬಿಸಿಲಲ್ಲಿ ನೆಲದ ಬಿರುಕು. ಒಂದೇ ಸಲ ನೋಡುವ ಅವಕಾಶವಿದ್ದರೆ ಮಳೆಗಾಲ ಮುಗಿಯುತ್ತಿದ್ದಂತೆ, ಗೋಡೆಗೆ ದೀಪಾವಳಿಯ ಸುಣ್ಣ ಬೀಳುವ ಮೊದಲು ಹೋಗುವುದು ಒಳ್ಳೆಯದು.