ಕಟ್ಟಿದರೂ ತಿರುಗುವ ದೋಣಿ

ಮುಂಬಯಿಗೆ ಹೋದವರು ಗೇಟ್‌ವೇ ಆಫ್ ಇಂಡಿಯಾವನ್ನು ನೋಡದೆ ಹಿಂದಿರುಗುವುದು ಅಪರೂಪ. ಕಟ್ಟೆಯ ಮೇಲೆ ನಿಂತು, ಮಕ್ಕಳ ಕೈಗೆ ಕಡಲೆಕಾಯಿಯ ಪೊಟ್ಟಣ ಕೊಟ್ಟು, ನೀರಿನ ಮೇಲೆ ತೂಗಾಡುವ ದೋಣಿಗಳನ್ನು ತೋರಿಸುವುದುಂಟು. ಅವುಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸೋಜಿಗ ಕಾಣದಿರದು. ಯಾರೋ ಅಪ್ಪಣೆ ಕೊಟ್ಟಂತೆ ಕಟ್ಟಿದ ದೋಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಬೆಳಗ್ಗೆ ಬಲಕ್ಕೆ ನೋಡುತ್ತಿದ್ದವು, ನಾವು ಊಟ ಮುಗಿಸಿ ಬರುವಷ್ಟರಲ್ಲಿ ಎಡಕ್ಕೆ ತಿರುಗಿರುತ್ತವೆ!

ತಿರುಗಿಸಿದವರು ಯಾರು? ಸಮುದ್ರವೇ. ಉಬ್ಬರದ ನೀರು ದಕ್ಷಿಣದಿಂದ ಬಂದರಿನೊಳಕ್ಕೆ ಹರಿಯುವಾಗ ದೋಣಿಗಳು ಆ ಕಡೆಗೆ ಮೂತಿ ಮಾಡುತ್ತವೆ. ಸುಮಾರು ಆರು ಗಂಟೆಗಳ ಮೇಲೆ ಇಳಿತ ಮೊದಲಾಗಿ ನೀರು ಹಿಂದಿರುಗಿದಾಗ ಅವೂ ತಿರುಗುತ್ತವೆ. ಗಾಳಿ ಬಲವಾಗಿದ್ದರೆ ಗಾಳಿಯ ಮಾತನ್ನೂ ಕೇಳುತ್ತವೆ. ಇಂತಹ ಕಡೆ ದೋಣಿಯನ್ನು ಹಿಂದೆ ಮುಂದೆ ಬಿಗಿದು ಕಟ್ಟಿದರೆ, ಅಡ್ಡ ಬರುವ ಸೆಳವಿನ ಒತ್ತಡವೆಲ್ಲ ಅದರ ಪಕ್ಕೆಯ ಮೇಲೆ ಬೀಳುವುದು. ಮೂತಿಯೊಂದನ್ನೇ ಕಟ್ಟಿದರೆ ದೋಣಿ ತಾನಾಗಿ ತಿರುಗಿ, ತನ್ನ ಕಿರಿದಾದ ಮುಖವನ್ನೊಡ್ಡಿ ನಿಲ್ಲುವುದು. ಈ ಸ್ವಾತಂತ್ರ್ಯವೇ ಅದರ ಕ್ಷೇಮ.

ನೀರಿನಡಿಯ ಆಧಾರ

ಒಡೆಯನು ರಾತ್ರಿ ಮನೆಯಲ್ಲಿ ಮಲಗಿರುವಾಗ ದೋಣಿಯನ್ನು ಕಾಯುವ ಏರ್ಪಾಟಿನ ಬಹುಭಾಗ ಕಣ್ಣಿಗೆ ಕಾಣುವುದಿಲ್ಲ. ತಳದ ಕೆಸರಿನಲ್ಲಿ ಭಾರವಾದ ಕಾಂಕ್ರೀಟು ದಿಮ್ಮಿಯೋ, ಅಣಬೆಯಾಕಾರದ ಕಬ್ಬಿಣದ ಲಂಗರೋ ಹೂತಿರುತ್ತದೆ. ಅದಕ್ಕೆ ದಪ್ಪನೆಯ ಸರಪಳಿ, ಅದರ ಮೇಲೆ ತುಸು ಹಗುರವಾದ ಸರಪಳಿ, ನಡುವೆ ಒಂದು ತಿರುಗಣಿ, ನೀರಿನ ಮೇಲೆ ತೇಲುಗುಂಡು. ದೋಣಿ ಎಷ್ಟು ಸುತ್ತು ಹಾಕಿದರೂ ಸರಪಳಿ ಹುರಿಗೊಳ್ಳದಂತೆ ಮಾಡುವುದು ಆ ತಿರುಗಣಿ.

ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಮುಂಬಯಿಯಲ್ಲಿ ನೀರು 4 ಮೀಟರಿಗೂ ಹೆಚ್ಚು ಏರಿಳಿಯುವುದುಂಟು. ಸರಪಳಿ ಆ ಉಬ್ಬರಕ್ಕೂ ಸಾಲುವಷ್ಟು ಉದ್ದವಿರಬೇಕು. ಸಾಲದಿದ್ದರೆ ಅಲೆಯೊಂದು ದೋಣಿಯನ್ನೆತ್ತಿದಾಗ ತಳದ ಭಾರವೇ ಕಿತ್ತು ಬರಬಹುದು. ತೀರ ಉದ್ದವಾದರೆ ಇಳಿತದಲ್ಲಿ ದೋಣಿ ದೊಡ್ಡ ಸುತ್ತು ಸುತ್ತಿ ನೆರೆಯ ದೋಣಿಗೆ ತಾಗುವುದು.

ಹಿಡಿಯುವ ಬಗೆ

ವಿಹಾರ ಮುಗಿಸಿ ಬಂದ ನಾವಿಕನು ಮೊದಲು ನೆರೆಯ ದೋಣಿಗಳನ್ನು ನೋಡುತ್ತಾನೆ. ಅವು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಗೇ ಮುಖ ಮಾಡಿ ಬರಬೇಕು. ಗಾಳಿಯೂ ಎದುರಿನಿಂದ ಬೀಸುತ್ತಿದ್ದರೆ, ಹಾಯಿಯ ಹಗ್ಗವನ್ನು ಸಕಾಲದಲ್ಲಿ ಸಡಿಲಿಸಿದರೆ ಸಾಕು. ದೋಣಿ ತೇಲುಗುಂಡಿನ ಬಳಿ ಬಂದು ನಿಲ್ಲುವುದು. ಸೆಳವು ಎದುರಿಗೆ, ಗಾಳಿ ಬೆನ್ನಿಗೆ ಇದ್ದಾಗ ಹೆಚ್ಚಿನ ಜಾಣ್ಮೆ ಬೇಕು. ದೊಡ್ಡ ಹಾಯಿಯನ್ನು ಮೊದಲೇ ಇಳಿಸಿ, ಮುಂದಿನ ಚಿಕ್ಕ ಹಾಯಿಯೊಂದರಿಂದಲೇ ನಿಧಾನವಾಗಿ ಬರಬೇಕು. ಗುರಿ ತಪ್ಪಿದರೆ ಬಗ್ಗಿ ಹಿಡಿಯಲು ಹೋಗಬಾರದು, ನೀರಿಗೆ ಬೀಳುವ ಭಯವಿದೆ. ಸುತ್ತು ಹಾಕಿ ಮತ್ತೆ ಬರುವುದೇ ಲೇಸು.

ಕೊಕ್ಕೆಗೋಲಿಗೆ ಮೊದಲು ಸಿಕ್ಕುವುದು, ಎತ್ತುವುದಕ್ಕೆಂದೇ ಇರುವ ಸಣ್ಣ ಹಗ್ಗ. ದಣಿದವನು ಅದನ್ನೇ ಕಟ್ಟಿ ಮನೆಗೆ ಹೊರಟರೆ ಕೆಟ್ಟಂತೆ! ಅದನ್ನೆಳೆದು ಕೆಳಗಿನ ದಪ್ಪ ಹಗ್ಗವನ್ನು ಮೇಲಕ್ಕೆ ತಂದು, ದೋಣಿಯ ಮುಂಭಾಗದ ಗಟ್ಟಿ ಗೂಟಕ್ಕೆ ಹಾಕಿ, ಜಾರದಂತೆ ಇನ್ನೊಂದು ಹುರಿಯಿಂದ ಬಿಗಿಯಬೇಕು.

ಸವೆತವೆಂಬ ಶತ್ರು

ಬಿರುಗಾಳಿಯ ರಾತ್ರಿ ದೋಣಿ ಕಳಚಿ ಹೋದರೆ ಜನ ಗಾಳಿಯನ್ನು ದೂರುತ್ತಾರೆ. ಎಷ್ಟೋ ವೇಳೆ ತಪ್ಪು ಗೇಣುದ್ದದ ಹಗ್ಗದ್ದು. ಮೂತಿಯ ಅಂಚಿಗೆ ಎಡೆಬಿಡದೆ ಉಜ್ಜಿದರೆ ಹೊಸ ಹಗ್ಗವೂ ಒಂದೇ ರಾತ್ರಿಯಲ್ಲಿ ಎಳೆ ಎಳೆಯಾಗಿ ಹರಿಯಬಹುದು. ಆದುದರಿಂದ ಆ ಜಾಗಕ್ಕೆ ತೊಗಲನ್ನೋ ರಬ್ಬರಿನ ಕೊಳವೆಯನ್ನೋ ತೊಡಿಸುತ್ತಾರೆ. ಸರಪಳಿಗಳನ್ನು ಜೋಡಿಸುವ ತಿರುಪುಮೊಳೆಗಳು ಸಡಿಲವಾಗದಂತೆ ತಂತಿಯಿಂದ ಕಟ್ಟುತ್ತಾರೆ. ತಳಕ್ಕೆ ತಾಗಿ ಏಳುತ್ತ ಬೀಳುತ್ತ ಇರುವ ಕೊಂಡಿಗಳು ಬೇಗ ತೆಳುವಾಗುವುದರಿಂದ, ಸರಪಳಿಯನ್ನು ವರ್ಷಕ್ಕೊಮ್ಮೆ ಎತ್ತಿಸಿ ನೋಡುವುದು ಕ್ರಮ. ಮುಂಗಾರಿನಲ್ಲಿ ವಿಹಾರದ ಹಾಯಿದೋಣಿಗಳು ದಡ ಸೇರುವ ಮುಂಬಯಿಯಲ್ಲಿ ಈ ಪರೀಕ್ಷೆಗೆ ಬಿಡುವು ತಾನಾಗಿ ದೊರೆಯುತ್ತದೆ.

ಮುಂದಿನ ಸಲ ಆ ಕಟ್ಟೆಯ ಮೇಲೆ ನಿಂತಾಗ, ಗಾಳಿ ಮಂದವಾಗಿರುವ ಹೊತ್ತು ನೋಡಿ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿರಿ: “ಈಗ ಉಬ್ಬರವೋ, ಇಳಿತವೋ?” ಉತ್ತರಕ್ಕೆ ಪಂಚಾಂಗ ಬೇಕಾಗಿಲ್ಲ. ಕಟ್ಟಿದ ದೋಣಿಗಳ ಮೂತಿಯನ್ನು ನೋಡಿದರೆ ಸಾಕು.